ಎರಡನೇ ಸಲ ಯಾರೂ ಎಳನೀರು ತರುವುದಿಲ್ಲ

ಪ್ರಿಯ ಮಿತ್ರರೇ,

ನಿಮ್ಮ ಕಾಗದ ಬಂದು ಸ್ವಲ್ಪ ದಿನವಾಯಿತು. ಕೊನೆಕೊಯ್ಲಿನ ಗಡಿಬಿಡಿ, ಅಡಿಕೆ ಸುಲಿಯುವವರು ಸಿಗದ ರಗಳೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆದಮೇಲೆ ಸೊನ್ನೆಯ ಹತ್ತಿರ ಇಳಿದಿದ್ದ ಪಿಎಸ್‌ಎ ಹೋದ ಸಲ 0.2 ಬಂದಿತ್ತು, ಈ ಸಲ 0.4 ಬಂದಿದೆ, ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ, ರಿಪೋರ್ಟನ್ನು ಎಲ್‌ಐಸಿ ಬಾಂಡುಗಳ ಫೈಲಿನಲ್ಲಿ ಸೇರಿಸಿಟ್ಟಿದ್ದೇನೆ ಎಂದು ಬರೆದಿದ್ದೀರಿ. ಅಷ್ಟು ಹೇಳಿ, ಹೆಂಡತಿ ಮಕ್ಕಳ ಎದುರು ನಗುನಗುತ್ತ ಇರುವುದು ಹೇಗೆ ಎಂದು ಕೇಳಿದ್ದೀರಿ. ಎರಡು ಸಲ ಕಾಯಿಲೆ ಮರಳಿ ಬಂದವನಿಗೆ ಆ ವಿದ್ಯೆ ಗೊತ್ತಿರುತ್ತದೆ ಎಂಬ ನಂಬಿಕೆ ನಿಮ್ಮದು.

ನಗುವ ವಿಷಯ ಆಮೇಲೆ. ಮೊದಲು ಆ ರಿಪೋರ್ಟನ್ನು ಫೈಲಿನಿಂದ ಹೊರಗೆ ತೆಗೆಯಿರಿ. ಕಾಯಿಲೆ ಬಂದ ಮನೆಯಲ್ಲಿ ಎಲ್‌ಐಸಿ ಫೈಲನ್ನು ಗಂಡಸರಿಗಿಂತ ಹೆಚ್ಚು ಸಲ ತೆರೆದು ನೋಡುವವರು ಹೆಂಗಸರು. ನಿಮ್ಮ ಮನೆಯವರು ಈಗಾಗಲೇ ಅದನ್ನು ಓದಿ, ಮಡಿಕೆ ಕೆಡದಂತೆ ವಾಪಸ್ ಇಟ್ಟಿದ್ದರೂ ನನಗೆ ಆಶ್ಚರ್ಯವಿಲ್ಲ. ನೀವು ಅವರೆದುರು ನಗುತ್ತಿದ್ದೀರಿ, ಅವರು ನಿಮ್ಮೆದುರು ನಗುತ್ತಿದ್ದಾರೆ, ರಾತ್ರಿ ಇಬ್ಬರಿಗೂ ನಿದ್ದೆಯಿಲ್ಲ. ಇದಕ್ಕೆ ಧೈರ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಂಕಿಯ ಮಾತು ಬಂದಿದ್ದರಿಂದ ಅದನ್ನೇ ಮೊದಲು ಮುಗಿಸಿಬಿಡುತ್ತೇನೆ. ಪ್ರಾಸ್ಟೇಟ್ ಗ್ರಂಥಿಯನ್ನೇ ತೆಗೆದುಹಾಕಿದವರ ರಕ್ತದಲ್ಲಿ ಪಿಎಸ್‌ಎ ಇರಬೇಕಾದ ಕಾರಣವೇ ಇಲ್ಲ. ಆ ಪ್ರೋಟೀನನ್ನು ತಯಾರಿಸುವುದು ಆ ಗ್ರಂಥಿಯ ಜೀವಕೋಶಗಳೇ. ಹಾಗಾಗಿ ಅದು 0.2 ಮುಟ್ಟಿ, ಇನ್ನೊಂದು ಪರೀಕ್ಷೆಯಲ್ಲೂ ಹಾಗೇ ಬಂದರೆ ಕಾಯಿಲೆ ಮರಳಿದೆ ಎಂದು ಲೆಕ್ಕ. ಆಪರೇಷನ್ ಮಾಡಿಸದೆ ಕರೆಂಟು, ಅಂದರೆ ರೇಡಿಯೇಷನ್, ಮಾತ್ರ ಕೊಡಿಸಿಕೊಂಡವರ ಲೆಕ್ಕ ಬೇರೆ: ಚಿಕಿತ್ಸೆ ಆದಮೇಲೆ ಮುಟ್ಟಿದ ಅತಿ ಕಡಿಮೆ ಅಂಕಿಗಿಂತ 2 ಹೆಚ್ಚಾಗಬೇಕು. ನಿಮ್ಮ ಪಕ್ಕದ ಮನೆಯವರದು 1.5 ಇದ್ದರೂ ಆರಾಮಾಗಿ ಓಡಾಡಿಕೊಂಡಿದ್ದಾರೆ, ನನ್ನದು 0.4ಕ್ಕೇ ಡಾಕ್ಟರ ಮುಖ ಗಂಭೀರವಾಯಿತು ಎಂದು ಬರೆದಿದ್ದೀರಲ್ಲ, ಅದಕ್ಕೆ ಇದು ಉತ್ತರ. ಅವರಿಗೆ ಗ್ರಂಥಿ ಇದೆ, ನಿಮಗಿಲ್ಲ.

ಡಾಕ್ಟರು ಗಂಭೀರವಾಗಿದ್ದು ನೀವು ಕೈತಪ್ಪಿ ಹೋದಿರಿ ಎಂದಲ್ಲ, ಇನ್ನೂ ಸಮಯವಿದೆ ಎಂದು. ಆಪರೇಷನ್ ಆದ ಜಾಗಕ್ಕೆ ಕರೆಂಟು ಕೊಡುವುದಾದರೆ ಪಿಎಸ್‌ಎ 0.5 ದಾಟುವ ಮೊದಲೇ ಕೊಡುವುದು ಒಳ್ಳೆಯದು, ಅಂಕಿ ಕಡಿಮೆ ಇದ್ದಷ್ಟೂ ಫಲ ಹೆಚ್ಚು ಎಂಬುದು ಈಗ ಎಲ್ಲ ಕಡೆ ಒಪ್ಪಿದ ಮಾತು. ಈ ಹಂತದಲ್ಲಿ ನೋವಿಲ್ಲ, ಗಡ್ಡೆ ಕೈಗೆ ಸಿಗುವುದಿಲ್ಲ, ಪಿಎಸ್‌ಎಂಎ ಪೆಟ್ ಸ್ಕ್ಯಾನಿನಲ್ಲೂ ಕೆಲವೊಮ್ಮೆ ಏನೂ ಕಾಣುವುದಿಲ್ಲ. ಏನೂ ಕಾಣದ ಕಾಯಿಲೆಗೆ ವಾರದಲ್ಲಿ ಐದು ದಿನ, ಆರೇಳು ವಾರ ಆಸ್ಪತ್ರೆಗೆ ಅಲೆಯುವುದನ್ನು ಮನೆಯವರಿಂದ ಮುಚ್ಚಿಟ್ಟು ಮಾಡುತ್ತೀರಾ? ಇಲ್ಲ, ಮುಂದೆ ಹಾಕುತ್ತೀರಿ. ಮುಚ್ಚಿಡುವುದರ ದೊಡ್ಡ ನಷ್ಟ ಇದೇ.

ಇನ್ನು ಎರಡನೇ ಸಲದ ವಿಷಯ. ಮೊದಲ ಸಲ ನನಗೆ ಕ್ಯಾನ್ಸರ್ ಎಂದಾಗ ಮನೆಯಲ್ಲಿ ಕುರ್ಚಿ ಸಾಲುತ್ತಿರಲಿಲ್ಲ. ಎಳನೀರಿನ ರಾಶಿ, ಸೇಬಿನ ಚೀಲ, ದೇವಸ್ಥಾನದ ಪ್ರಸಾದದ ಪೊಟ್ಟಣಗಳು. ಊರಿನವರೆಲ್ಲ ಬಂದು ಹೋದರು. ಆಪರೇಷನ್ ಆಯಿತು, ಗೆದ್ದುಬಂದ ಎಂದರು. ಕಥೆಗೊಂದು ಕೊನೆ ಸಿಕ್ಕಿತು. ಎರಡನೇ ಸಲ ಸುದ್ದಿ ಹೋದಾಗ ಫೋನಿನಲ್ಲಿ "ಹೌದಾ, ಮತ್ತೆಯಾ?" ಎಂದು ಸುಮ್ಮನಾದರು. ಅವರದು ತಪ್ಪಲ್ಲ. ಮುಗಿಯುವ ಕಷ್ಟಕ್ಕೆ ಜನ ಒದಗುತ್ತಾರೆ. ಮುಗಿಯದ ಕಷ್ಟಕ್ಕೆ ಏನು ಹೇಳಬೇಕೆಂದು ಅವರಿಗೆ ತೋಚುವುದಿಲ್ಲ. ಆದರೆ ಇದರ ಭಾರ ಬೀಳುವುದು ಹೆಂಡತಿಯ ಮೇಲೆ. ಮೊದಲ ಸಲ ಹತ್ತು ಜನ ಹಂಚಿಕೊಂಡಿದ್ದನ್ನು ಎರಡನೇ ಸಲ ಆಕೆ ಒಬ್ಬಳೇ ಹೊರಬೇಕು. ಇದನ್ನು ನೀವು ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಾವು ಮಲೆನಾಡಿನ ಅಡಿಕೆ ಬೆಳೆಗಾರರು. ಮುಗಿಯದ ಕಷ್ಟ ನಮಗೆ ಹೊಸದಲ್ಲ: ಅಡಿಕೆಯ ಕೊಳೆರೋಗ. 1910ರ ಹೊತ್ತಿಗೇ ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ್ದರು. ಅಲ್ಲಿಂದ ಇಲ್ಲಿಯವರೆಗೆ ತೋಟದಿಂದ ಕೊಳೆಯನ್ನು ಪೂರ್ತಿ ಓಡಿಸಿದವರು ಯಾರೂ ಇಲ್ಲ. ಮಳೆಗಾಲ ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ, ಮಳೆ ಜೋರಾದರೆ ಮತ್ತೊಂದು. ಹೊಡೆಸಿಯೂ ಒಂದು ವರ್ಷ ಒಂದಿಷ್ಟು ಕಾಯಿ ಉದುರುತ್ತದೆ. ಹಾಗೆಂದು ಯಾವ ಬೆಳೆಗಾರನೂ ಮಗಳ ಮದುವೆ ಮುಂದೂಡಿದ್ದಿಲ್ಲ. ನನ್ನ ಹೆಂಡತಿಗೆ ಕಾಯಿಲೆಯ ಈ ಎರಡನೇ ಅಧ್ಯಾಯ ಅರ್ಥವಾದದ್ದು ಹೀಗೆ. "ಗುಣ ಆಗೋದು ಅಂತಲ್ಲ, ಔಷಧ ಹೊಡೆಸ್ತಾ ಇರೋದು, ಅಷ್ಟೇ ತಾನೇ?" ಎಂದು ಡಾಕ್ಟರನ್ನೇ ಕೇಳಿದಳು. ಡಾಕ್ಟರು ಬಯಲುಸೀಮೆಯವರು, ಪಾಪ, ಬೋರ್ಡೋ ಗೊತ್ತಿಲ್ಲ, ಆದರೂ ತಲೆಯಾಡಿಸಿದರು.

ಕರೆಂಟು ಕೊಡಿಸಿಕೊಳ್ಳುವ ದಿನಗಳ ಬಗ್ಗೆ ನಿಮಗೆ ಭಯವಿದೆ ಎಂದು ಕಾಣುತ್ತದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಈ ಕಾಯಿಲೆಯಲ್ಲಿ ನಾನು ಅತಿ ಹೆಚ್ಚು ನಕ್ಕಿದ್ದು ಅಲ್ಲಿಯೇ. ಪ್ರಾಸ್ಟೇಟಿನವರಿಗೆ ಒಂದು ಕಟ್ಟಳೆ ಇದೆ: ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿ ಇರಬೇಕು. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳಿ ಕಿರಣದ ದಾರಿಯಿಂದ ದೂರ ಇಡುತ್ತದೆ. ಅದಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಅಳೆದು ನೀರು ಕುಡಿಸುತ್ತಾರೆ. ಈಗ ಊಹಿಸಿಕೊಳ್ಳಿ: ಉದ್ದ ಬೆಂಚಿನ ಮೇಲೆ ಅರವತ್ತು ಎಪ್ಪತ್ತು ದಾಟಿದ ಗಂಡಸರ ಸಾಲು. ನಿವೃತ್ತ ತಹಶೀಲ್ದಾರರು, ಕೋಲಾರದ ರೇಷ್ಮೆಯವರು, ರಾಯಚೂರು ಕಡೆಯ ಲಾರಿ ಮಾಲೀಕರು, ನಾನು. ಎಲ್ಲರೂ ಕಾಲಮೇಲೆ ಕಾಲು ಹಾಕಿ, ಹಲ್ಲು ಕಚ್ಚಿ, ಗೋಡೆಯ ಗಡಿಯಾರ ನೋಡುತ್ತ ಕುಳಿತಿದ್ದೇವೆ. ಒಳಗೆ ಹೋದವನಿಗೆ ಐದು ನಿಮಿಷ ಹೆಚ್ಚಾದರೆ ಹೊರಗಿನವರ ಮುಖದ ಬಣ್ಣ ಬದಲಾಗುತ್ತದೆ. ತಹಶೀಲ್ದಾರರಾಗಿದ್ದವರು ಒಂದು ದಿನ ಎದ್ದು ಕೈಮುಗಿದು, "ನನಗಿಂತ ಮುಂದೆ ಯಾರಿದ್ದೀರೋ ಅವರಿಗೆ ನನ್ನ ಅರ್ಧ ಎಕರೆ ಬರೆದುಕೊಡುತ್ತೇನೆ, ನನ್ನನ್ನು ಬಿಡಿ" ಎಂದರು. ನಗಬಾರದಿತ್ತು, ಆ ಸ್ಥಿತಿಯಲ್ಲಿ ನಗುವುದು ಅಪಾಯ. ಇಬ್ಬರು ನಕ್ಕು, ಎದ್ದು ಓಡಿ, ಮತ್ತೆ ಮೊದಲಿನಿಂದ ನೀರು ಕುಡಿಯಬೇಕಾಯಿತು.

ಕಿರಣ ಮೈಗೆ ತಾಗಿದ್ದು ಗೊತ್ತಾಗುವುದಿಲ್ಲ. ಯಂತ್ರ ಸುತ್ತ ತಿರುಗುತ್ತದೆ, ಸದ್ದು ಕೇಳಿಸುತ್ತದೆ, ಎದ್ದು ಬರುತ್ತೀರಿ. "ಅಜ್ಜಾ, ಕರೆಂಟ್ ಕೊಟ್ರೆ ಶಾಕ್ ಹೊಡೆಯಲ್ವಾ?" ಎಂದು ಮೊಮ್ಮಗ ಕೇಳಿದ್ದ. ಇಲ್ಲ. ಆದರೆ ವಾರಗಳು ಕಳೆದಂತೆ ಆಯಾಸ ಬರುತ್ತದೆ, ಮೂತ್ರಕ್ಕೆ ಹೋದಾಗ ಉರಿ, ಆಗಾಗ ಬೇಧಿ. ಬಹಳಷ್ಟು ಜನರಿಗೆ ಮುಗಿದಮೇಲೆ ನಿಧಾನ ಇಳಿಯುತ್ತದೆ.

ಆ ಬೆಂಚಿನಿಂದ ಸ್ವಲ್ಪ ಆಚೆ ಇನ್ನೊಂದು ಬೆಂಚು. ಅಲ್ಲಿ ನಮ್ಮ ಮನೆಯವರೆಲ್ಲ ಕೂರುತ್ತಿದ್ದರು. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದ್ದರೆ ಅದು ಆ ಎರಡನೇ ಬೆಂಚಿನಲ್ಲಿದೆ. ನಾನು ಮನೆಯಲ್ಲಿ ಎಷ್ಟು ಸಲ "ಏನೂ ಆಗಲ್ಲ ಬಿಡೇ" ಎಂದರೂ ಹೋಗದ ಹೆದರಿಕೆ, ಅಲ್ಲಿ ರಾಯಚೂರಿನ ಹೆಂಗಸೊಬ್ಬರು ಬುತ್ತಿ ಬಿಚ್ಚಿ ರೊಟ್ಟಿ ಹಂಚುತ್ತ "ನಮ್ಮನಿಯವ್ರಿಗೆ ಎಲುಬಿಗೆ ಬಂದು ಎಂಟು ವರ್ಷ ಆತ್ರಿ, ಇವತ್ತೂ ಟ್ರ್ಯಾಕ್ಟರ್ ಹೊಡೀತಾರ" ಎಂದಾಗ ಕರಗಿತು. ನಮ್ಮ ಮುಖದ ನಗು ನೋಡಿ ಮನೆಯವರಿಗೆ ಭರವಸೆ ಬರುವುದಿಲ್ಲ, ಸ್ವಾಮಿ. ನಲವತ್ತು ವರ್ಷ ನೋಡಿದ ಮುಖ, ಅದರ ಸುಳ್ಳು ಅವರಿಗೆ ಗೊತ್ತು. ಇದೇ ಕಾಯಿಲೆ ಹೊತ್ತು ಬದುಕುತ್ತಿರುವ ಇನ್ನೊಂದು ಸಂಸಾರವನ್ನು ನೋಡಿದಾಗ ಬರುತ್ತದೆ. ಆದ್ದರಿಂದ ನಿಮ್ಮ ಮನೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. "ಸುಮ್ಮನೆ ಯಾಕೆ ತ್ರಾಸು, ಮನೆಯಲ್ಲಿರು" ಎಂದು ಬಿಟ್ಟುಹೋದರೆ ಅವರಿಗೆ ಸಿಗುವುದು ನಿಮ್ಮ ನಟನೆ ಮಾತ್ರ.

ಮುಚ್ಚಿಟ್ಟವರ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡದು ಫ್ರಾನ್ಸಿನ ಅಧ್ಯಕ್ಷರಾಗಿದ್ದ ಮಿತ್ತರಾಂ ಅವರದು. 1981ರ ಮೇ ತಿಂಗಳಲ್ಲಿ ಆಯ್ಕೆಯಾದರು. ಆರೋಗ್ಯದ ವರದಿಯನ್ನು ಕಾಲಕಾಲಕ್ಕೆ ಜನರ ಮುಂದಿಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಅದೇ ವರ್ಷ ನವೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ್ದು ಗೊತ್ತಾಯಿತು. ವರದಿಗಳು ಬರುತ್ತಲೇ ಹೋದವು, ಎಲ್ಲ ಸರಿಯಾಗಿದೆ ಎನ್ನುತ್ತ. ಜನರಿಗೆ ಕ್ಯಾನ್ಸರ್ ಎಂದು ತಿಳಿದದ್ದು 1992ರಲ್ಲಿ, ಆಪರೇಷನ್ ಆದಾಗ. 1995ರವರೆಗೆ ಅಧಿಕಾರ ನಡೆಸಿ 1996ರ ಜನವರಿಯಲ್ಲಿ ತೀರಿಕೊಂಡರು. ಆಮೇಲೆ ಅವರ ಖಾಸಗಿ ವೈದ್ಯರು ಎಲ್ಲವನ್ನೂ ಪುಸ್ತಕವಾಗಿ ಬರೆದು, ಕೋರ್ಟು ಅದರ ಮಾರಾಟ ತಡೆದು, ವಿಷಯ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. ಈ ಕಥೆಯನ್ನು ನಾನು ಎರಡು ಕಾರಣಕ್ಕೆ ನೆನೆಯುತ್ತೇನೆ. ಮೂಳೆಗೆ ಹರಡಿದ ಮೇಲೆ, ಇವತ್ತಿನ ಔಷಧಗಳಲ್ಲಿ ಹೆಚ್ಚಿನವು ಹುಟ್ಟುವುದಕ್ಕೂ ಮೊದಲು, ಆತ ಹದಿನಾಲ್ಕು ವರ್ಷ ಬದುಕಿ ಒಂದು ದೇಶ ನಡೆಸಿದರು ಎಂಬುದು ಒಂದು. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಆಗುವುದುಂಟು. ಇನ್ನೊಂದು, ಗುಟ್ಟು ಕಾಯಲು ಆತನಿಗೆ ಅರಮನೆಯಿತ್ತು, ಸಿಬ್ಬಂದಿಯಿತ್ತು. ನಮಗೆ ಇರುವುದು ಒಂದು ಎಲ್‌ಐಸಿ ಫೈಲು.

ನಮ್ಮಲ್ಲಿ ಗುಟ್ಟು ಉಲ್ಟಾ ದಿಕ್ಕಿನಲ್ಲೂ ನಡೆಯುತ್ತದೆ. "ಅವರಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ" ಎಂದು ಮಕ್ಕಳು ಬಾಗಿಲ ಹಿಂದೆ ನಿಂತು ಪಿಸುಗುಟ್ಟುವುದನ್ನು ನೀವೂ ನೋಡಿರುತ್ತೀರಿ. ಆದರೆ 1973ರಿಂದ ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಅಲ್ಲಿಗೆ ಹೊರಟೆವು ಎಂದರೆ ಯಾವ ಊರಿನ ಯಾವ ಮುದುಕನಿಗೆ ಅರ್ಥವಾಗುವುದಿಲ್ಲ? ನನ್ನ ಮಗಳಿಗೆ ನಾನು ಹೇಳಿದ್ದು ಇಷ್ಟೇ: ರಿಪೋರ್ಟು ನಿನ್ನ ಮೊಬೈಲಿಗೂ ನನ್ನ ಮೊಬೈಲಿಗೂ ಒಟ್ಟಿಗೇ ಬರಲಿ, ಯಾರೂ ಯಾರಿಗೂ ಮುಂಚೆ ಓದುವುದು ಬೇಡ. "ಆಯ್ತು ಅಪ್ಪಯ್ಯ, ಆದರೆ ಗೂಗಲ್ ಮಾಡೋದು ನಾನು ಮಾತ್ರ" ಎಂದಳು. ಒಪ್ಪಿಕೊಂಡೆ. ಅದು ನನ್ನ ಜೀವನದ ಲಾಭದ ಒಪ್ಪಂದಗಳಲ್ಲಿ ಒಂದು.

ಪಿಎಸ್‌ಎ ಕೊಡುವ ವಾರ ಮನೆ ಬದಲಾಗುತ್ತದೆ. ಪಾತ್ರೆ ಇಡುವ ಸದ್ದು ಕೂಡ ಮೆತ್ತಗಾಗುತ್ತದೆ. ಇದಕ್ಕೆ ಮದ್ದಿಲ್ಲ, ಆದರೆ ಕೆಲವು ಸಣ್ಣ ಶಿಸ್ತುಗಳಿವೆ. ಒಂದೇ ಲ್ಯಾಬಿನಲ್ಲಿ ಮಾಡಿಸಿ, ಲ್ಯಾಬಿನಿಂದ ಲ್ಯಾಬಿಗೆ ಅಂಕಿ ವ್ಯತ್ಯಾಸವಾಗುತ್ತದೆ. ಒಂದು ಅಂಕಿಗಿಂತ ಅದು ಎಷ್ಟು ತಿಂಗಳಿಗೆ ದುಪ್ಪಟ್ಟಾಗುತ್ತಿದೆ ಎಂಬುದು ಮುಖ್ಯ; ಎರಡು ಮೂರು ತಿಂಗಳಿಗೆ ದುಪ್ಪಟ್ಟಾದರೆ ಅವಸರ, ವರ್ಷಕ್ಕೂ ಆಗದಿದ್ದರೆ ನಿಧಾನದ ಜಾತಿ. ಇದನ್ನು ಮನೆಯವರಿಗೂ ವಿವರಿಸಿ. 0.4 ಎಂಬುದನ್ನು 'ಡಬಲ್ ಆಯಿತು' ಎಂದು ಕೇಳಿಸಿಕೊಂಡರೆ ಆಗುವ ಗಾಬರಿಯೇ ಬೇರೆ.

ಕರೆಂಟಿನ ನಂತರ ನನಗೆ ಕೆಲವು ವರ್ಷ ಸುಮ್ಮನಿತ್ತು. ಮತ್ತೆ ಏರಿತು, ಸ್ಕ್ಯಾನಿನಲ್ಲಿ ಪಕ್ಕೆಲುಬಿನ ಮೇಲೆ ಒಂದು ಚುಕ್ಕೆ ಹೊಳೆಯಿತು. ಈಗ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ನು, ದಿನಾ ಮಾತ್ರೆ. ಇದರ ಹಿಂದಿನ ಕಥೆ ಸ್ವಾರಸ್ಯದ್ದು. ಈ ಕ್ಯಾನ್ಸರ್ ಗಂಡಸಿನ ಹಾರ್ಮೋನನ್ನು ಉಂಡು ಬೆಳೆಯುತ್ತದೆ, ಅದನ್ನು ನಿಲ್ಲಿಸಿದರೆ ಸೊರಗುತ್ತದೆ ಎಂದು ಷಿಕಾಗೊದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. ಆಗಿನ ದಾರಿ ವೃಷಣ ತೆಗೆಯುವುದು, ಇಲ್ಲವೇ ಹೆಣ್ಣಿನ ಹಾರ್ಮೋನು ಕೊಡುವುದು. ಹಗಿನ್ಸರಿಗೆ ನೊಬೆಲ್ ಬಂದದ್ದು 1966ರಲ್ಲಿ. ಆಮೇಲೆ ಆಂಡ್ರ್ಯೂ ಷಾಲಿ ಎಂಬವರು ಲಕ್ಷಕ್ಕೂ ಮಿಕ್ಕಿ ಹಂದಿಗಳ ಮಿದುಳಿನ ಚೂರು ಅರೆದು, ವೃಷಣಕ್ಕೆ ಅಪ್ಪಣೆ ಕೊಡುವ ಹಾರ್ಮೋನಿನ ರಚನೆ ಬಿಡಿಸಿದರು. 1977ರ ನೊಬೆಲಿನಲ್ಲಿ ಅವರಿಗೂ ಪಾಲು ಸಿಕ್ಕಿತು. ನನಗೆ ಚುಚ್ಚುವ ಇಂಜೆಕ್ಷನ್ನು ಆ ಅರೆದದ್ದರ ಫಲ. ಆಪರೇಷನ್ನಿನ ದಾರಿ ಇವತ್ತಿಗೂ ಇದೆ. ಇಂಜೆಕ್ಷನ್ನಿಗೆ ದುಡ್ಡು ಹೊಂದಿಸಲಾಗದ, ಪ್ರತಿ ಸಲ ಬಸ್ಸು ಹಿಡಿದು ಬರಲಾಗದ ಎಷ್ಟೋ ಹಳ್ಳಿಯವರು ಅದನ್ನೇ ಆರಿಸಿಕೊಳ್ಳುತ್ತಾರೆ, ಪರಿಣಾಮದಲ್ಲಿ ಅದು ಕಡಿಮೆಯದಲ್ಲ. ಅದನ್ನು ಅವಮಾನ ಎಂದು ನೋಡುವವರ ಮೇಲೆ ನನಗೆ ಸಿಟ್ಟಿದೆ.

ಮಾತ್ರೆಯ ಹೆಸರು ಅಬಿರಾಟೆರೋನ್. ಲಂಡನ್ನಿನಲ್ಲಿ ಹುಟ್ಟಿದ್ದು, 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. ಈಗ ನಮ್ಮ ದೇಶದ ಕಂಪನಿಗಳೇ ತಯಾರಿಸುವುದರಿಂದ ಬೆಲೆ ಬಹಳ ಇಳಿದಿದೆ. ಇದೇ ಬಗೆಯ ಇನ್ನೊಂದು ಔಷಧ ಎನ್ಜಲುಟಮೈಡಿನ ಪೇಟೆಂಟ್ ಅರ್ಜಿಯನ್ನು ನಮ್ಮ ಪೇಟೆಂಟ್ ಕಚೇರಿ 2016ರಲ್ಲಿ ತಿರಸ್ಕರಿಸಿತ್ತು. ಅದೂ ಈಗ ದೇಶದ ಕಂಪನಿಗಳ ಹೆಸರಿನಲ್ಲಿ ಸಿಗುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ನೆರವಿದೆ. ಇನ್ನು, ಯಾವ ಜೋಡಿ ಔಷಧ ಯಾವಾಗ ಕೊಡಬೇಕು ಎಂಬುದು ಸುಮ್ಮನೆ ತಿಳಿದದ್ದಲ್ಲ. ಇಂಗ್ಲೆಂಡಿನಲ್ಲಿ 2005ರಲ್ಲಿ ಶುರುವಾದ ಸ್ಟ್ಯಾಂಪೀಡ್ ಎಂಬ ಪ್ರಯೋಗವೊಂದಕ್ಕೇ ಹತ್ತು ಸಾವಿರಕ್ಕೂ ಹೆಚ್ಚು ಗಂಡಸರು ತಮ್ಮನ್ನು ಒಪ್ಪಿಸಿಕೊಂಡರು. ಮಾತ್ರೆ ನುಂಗುವಾಗ ಒಮ್ಮೊಮ್ಮೆ ಅವರನ್ನು ನೆನೆಯುತ್ತೇನೆ. ಖಾಲಿ ಹೊಟ್ಟೆಯಲ್ಲಿ ನುಂಗಿ ಒಂದು ಗಂಟೆ ಕಾಯಬೇಕು, ಕಾವಲಿಯಿಂದ ದೋಸೆಯ ಪರಿಮಳ ಬರುತ್ತಿರುತ್ತದೆ, ನೆನೆಯಲು ಬೇಕಾದಷ್ಟು ಸಮಯ.

ಹಾರ್ಮೋನು ನಿಂತ ಗಂಡಸಿಗೆ ಏನಾಗುತ್ತದೆ ಎಂದು ಯಾರೂ ಸರಿಯಾಗಿ ಹೇಳುವುದಿಲ್ಲ. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿ ಏರಿ ಬೆವರು ಕಿತ್ತು ಬರುತ್ತದೆ. ಹೊಟ್ಟೆ ಮುಂದೆ ಬರುತ್ತದೆ, ತೋಳು ಸಣ್ಣಗಾಗುತ್ತದೆ. ಧಾರಾವಾಹಿ ನೋಡಿದರೆ ಕಣ್ಣಲ್ಲಿ ನೀರು. ಮಧ್ಯರಾತ್ರಿ ನಾನು ಎದ್ದು ಫ್ಯಾನ್ ಜೋರು ಮಾಡಿದಾಗ ಹೆಂಡತಿ ಮಗ್ಗಲು ಬದಲಿಸಿ, "ನನಗೆ ಮುಟ್ಟು ನಿಲ್ಲೋ ಕಾಲಕ್ಕೆ ಹಿಂಗೇ ಆಗ್ತಿತ್ತು. ಆಗ ಫ್ಯಾನ್ ಹಾಕಿದ್ರೆ ನಿಮಗೆ ಚಳಿ ಆಗ್ತಿತ್ತು" ಎಂದಳು. ಉತ್ತರ ಇರಲಿಲ್ಲ. ಮರುದಿನದಿಂದ ದಿಂಬಿನ ಪಕ್ಕ ಒಂದು ಒದ್ದೆ ಟವೆಲ್ಲು, ತೆಳು ಹತ್ತಿ ಪಂಚೆ ಇಡತೊಡಗಿದಳು. ಆಕೆಗೆ ಇದರ ಎಲ್ಲ ಉಪಾಯ ಗೊತ್ತಿತ್ತು. ಗಂಡಹೆಂಡತಿಯ ನಡುವಿನ ಇನ್ನೊಂದು ವಿಷಯ ಇರುತ್ತದಲ್ಲ, ಅದೂ ನಿಲ್ಲುತ್ತದೆ. ಆಸೆಯೇ ಹುಟ್ಟುವುದಿಲ್ಲ. ನಮ್ಮ ಕಡೆ ಗಂಡಸರು ಇದನ್ನು ಡಾಕ್ಟರಿಗೂ ಹೇಳುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ, ಮಂಚ ಬೇರೆ ಮಾಡಿಕೊಂಡು ಮಾತು ಕಡಿಮೆ ಮಾಡುತ್ತಾರೆ. ಹೆಂಡತಿ ತನ್ನಿಂದ ಏನು ತಪ್ಪಾಯಿತು ಎಂದು ಯೋಚಿಸುತ್ತಾಳೆ. ದಯವಿಟ್ಟು ಹೇಳಿ. ಔಷಧದಿಂದ ಹೀಗಾಗಿದೆ ಎಂಬ ಒಂದು ವಾಕ್ಯ ಸಾಕು. ಮಂಚ ಬೇರೆ ಮಾಡಬೇಡಿ.

ಮೂಳೆ ತೆಳುವಾಗುತ್ತದೆ, ಆದ್ದರಿಂದ ಡೆಕ್ಸಾ ಸ್ಕ್ಯಾನ್ ಕೇಳಿ. ಮೂಳೆಗೆ ಬಲ ಕೊಡುವ ಇಂಜೆಕ್ಷನ್ ಶುರು ಮಾಡುವ ಮೊದಲು ಹಲ್ಲು ತೋರಿಸಿಕೊಳ್ಳಬೇಕು. ಕೀಳಿಸುವ ಹಲ್ಲಿದ್ದರೆ ಮೊದಲೇ ಕೀಳಿಸಬೇಕು, ಆಮೇಲೆ ದವಡೆಗೆ ತೊಂದರೆಯಾಗಬಹುದು. ವಾಕಿಂಗ್ ಸಾಲದು, ಸ್ನಾಯುವಿಗೆ ಭಾರ ಬೀಳುವ ವ್ಯಾಯಾಮ ಬೇಕು. ನಾನು ಬಾವಿಯಿಂದ ನೀರು ಸೇದುತ್ತೇನೆ. ಮಗ ಪಂಪು ಹಾಕಿಸಿದ್ದರೂ.

ಒಂದು ಮಾತು ನೆನಪಿರಲಿ, ಮನೆಯವರಿಗೂ ತಿಳಿದಿರಲಿ: ಬೆನ್ನಿನಲ್ಲಿ ಹೊಸ ನೋವು ಬಂದು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಕಾಲು ಸೋತಂತೆ, ಜೋಮು ಹಿಡಿದಂತೆ ಆದರೆ, ಮೂತ್ರ ಕಟ್ಟಿದರೆ, ಬೆಳಗಾಗಲಿ ಎಂದು ಕಾಯಬಾರದು. ಬೆನ್ನುಹುರಿ ಒತ್ತಿಹೋಗುವ ಲಕ್ಷಣವದು. ಆವತ್ತೇ ಆಸ್ಪತ್ರೆ. ಈ ವಾಕ್ಯವನ್ನು ಮಗಳು ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾಳೆ.

ಗಿಡಮೂಲಿಕೆಯ ಬಗ್ಗೆಯೂ ಕೇಳಿದ್ದೀರಿ. ನಮ್ಮದು ಸಾಗರ ತಾಲ್ಲೂಕು, ಇಲ್ಲಿನ ನರಸೀಪುರದ ಗಿಡಮೂಲಿಕೆ ವೈದ್ಯರ ಬಳಿಗೆ ದೇಶದ ಮೂಲೆಮೂಲೆಯಿಂದ ಜನ ಬಂದು ರಾತ್ರಿಯಿಡೀ ಸಾಲು ನಿಲ್ಲುತ್ತಿದ್ದುದನ್ನು ಕಣ್ಣಾರೆ ಕಂಡವರು ನಾವು. ಅಲ್ಲಿ ನಿಂತವರ ಆಸೆಯನ್ನು ಹಾಸ್ಯ ಮಾಡಲಾರೆ. ನನ್ನ ನಿಯಮ ಎರಡು. ಆಸ್ಪತ್ರೆಯ ಔಷಧ ನಿಲ್ಲಿಸಬಾರದು. ಕಷಾಯ ಕುಡಿಯುವುದಾದರೆ ಡಾಕ್ಟರಿಗೆ ಹೇಳಿಯೇ ಕುಡಿಯಬೇಕು. ಅಬಿರಾಟೆರೋನ್ ಯಕೃತ್ತಿಗೆ ಭಾರವಾಗಬಲ್ಲ ಔಷಧ, ಅದರ ಜೊತೆ ಇನ್ನೇನು ಸೇರುತ್ತಿದೆ ಎಂದು ಅವರಿಗೆ ಗೊತ್ತಿರಬೇಕು.

ಮಕ್ಕಳಿಗೆ ಏನು ಬಿಟ್ಟುಹೋಗುತ್ತೇನೆ ಎಂದು ಕೊರಗಿ ಬರೆದಿದ್ದೀರಿ. ನೀವು ಅವರಿಗೆ ಕೊಡಬಹುದಾದ ಗಟ್ಟಿ ವಸ್ತುವೊಂದಿದೆ: ಮಾಹಿತಿ. ತಂದೆಗೋ ಅಣ್ಣನಿಗೋ ಈ ಕ್ಯಾನ್ಸರ್ ಇದ್ದರೆ ಮಗನಿಗೆ, ತಮ್ಮನಿಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಅವರು ನಲವತ್ತೈದರ ಆಸುಪಾಸಿನಲ್ಲೇ ಡಾಕ್ಟರ ಜೊತೆ ಪಿಎಸ್‌ಎ ಮಾತಾಡುವುದು ಒಳ್ಳೆಯದು. ಹರಡಿದ ಕಾಯಿಲೆಯಾದರೆ ಬಿಆರ್‌ಸಿಎ ಎಂಬ ಜೀನ್ ಪರೀಕ್ಷೆಯನ್ನೂ ಕೇಳಿ ನೋಡಬಹುದು. ಅದರಲ್ಲಿ ದೋಷವಿದ್ದರೆ ಹೆಣ್ಣುಮಕ್ಕಳಿಗೆ ಸ್ತನ, ಅಂಡಾಶಯದ ಕ್ಯಾನ್ಸರಿನ ಎಚ್ಚರಿಕೆ ಸಿಗುತ್ತದೆ, ನಿಮಗೂ ಅದಕ್ಕೇ ಹೊಂದುವ ಔಷಧವಿದೆ. ಹೆಚ್ಚಿನವರಲ್ಲಿ ದೋಷ ಇರುವುದಿಲ್ಲ. ನನ್ನ ಪರೀಕ್ಷೆ ಸ್ವಚ್ಛ ಬಂದ ದಿನ ಮಗಳು ಫೋನಿನಲ್ಲಿ ಅತ್ತಳು. ಅಷ್ಟು ದಿನ ಆಕೆ ತನ್ನ ಹೆದರಿಕೆಯನ್ನೂ ಸೇರಿಸಿ ಹೊತ್ತಿದ್ದಳು ಎಂದು ಆಗ ತಿಳಿಯಿತು.

ಕಾಗದಪತ್ರ ಸರಿ ಮಾಡಿಡುವುದನ್ನು ಅಪಶಕುನ ಎಂದುಕೊಳ್ಳಬೇಡಿ. ಪಹಣಿ, ಬ್ಯಾಂಕು, ಸೊಸೈಟಿಯ ಷೇರು, ನಾಮಿನಿ, ಮಂಡಿಯ ಲೆಕ್ಕ ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಹೆಂಡತಿಯ ಕೈಯಿಂದಲೇ ಬರೆಸಿದೆ. ಈಗ ಮಂಡಿಯವರು ದರ ಹೇಳುವುದು ನನಗಲ್ಲ, ಆಕೆಗೆ. ರಾಶಿ ಇಡಿ ಅಡಿಕೆ ಯಾವಾಗ ಮಾರಬೇಕು ಎಂಬುದರಲ್ಲಿ ನನಗಿಂತ ಚುರುಕು. ಆಕೆಯ ಮುಖದಲ್ಲಿ ಹೊಸ ಗೆಲುವು ಕಂಡದ್ದು ಆಮೇಲೆ. ಇಂಥ ಬರಹದಲ್ಲಿ ಕೊನೆಗೆ ಮಾವಿನ ಸಸಿ ನೆಟ್ಟೆ ಎಂದು ಬರೆಯುವ ವಾಡಿಕೆಯಿದೆ. ನಾನು ನೆಟ್ಟಿಲ್ಲ. ಮಂಗ ಬಿಡುವುದಿಲ್ಲ.

ಕೊನೆಯ ದಿನಗಳ ನೋವಿನ ಬಗ್ಗೆ ಒಂದೇ ಸಾಲು ಬರೆದು ಹೊಡೆದುಹಾಕಿದ್ದೀರಿ, ಆದರೂ ಓದಿದೆ. ನೋವನ್ನು ಸಹಿಸಲೇಬೇಕೆಂಬ ಕಾಲ ಹೋಗಿದೆ. ಮಾರ್ಫಿನ್ ಸಿಗುವಂತಾಗಲು 2014ರಲ್ಲಿ ಕಾಯ್ದೆಯನ್ನೇ ತಿದ್ದಿದ್ದಾರೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಬಿಡಿಗಾಸು ತೆಗೆದುಕೊಳ್ಳದೆ ಆರೈಕೆ ಮಾಡುತ್ತಾರೆ. ನನ್ನ ಹೆಂಡತಿ ಮಕ್ಕಳಿಗೆ ಆ ವಿಳಾಸ ಗೊತ್ತಿದೆ. ಗೊತ್ತಿದೆ ಎಂಬುದರಿಂದಲೇ ನಾವು ಅದರ ಬಗ್ಗೆ ದಿನಾ ಮಾತಾಡುವುದಿಲ್ಲ.

ಈಗ ನೀವು ಮಾಡಬೇಕಾದ್ದು: ಮನೆಯವರನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ, ಕರೆಂಟು ಯಾವಾಗ, ಜೊತೆಗೆ ಹಾರ್ಮೋನಿನ ಇಂಜೆಕ್ಷನ್ ಬೇಕೋ ಎಂದು ಕೇಳಿ ಬನ್ನಿ. ಪ್ರಶ್ನೆ ಅವರೂ ಕೇಳಲಿ. ನಿಮ್ಮ ತಮ್ಮನಿಗೆ ಪಿಎಸ್‌ಎ ಮಾಡಿಸಲು ಹೇಳಿ. ಆತ ಕೇಳದಿದ್ದರೆ ಆತನ ಹೆಂಡತಿಗೆ ಹೇಳಿ. ಚಿಕಿತ್ಸೆಗೆ ಬೆಂಗಳೂರೇ ಆದರೆ ಮೊದಲೇ ತಿಳಿಸಿ, ನಾನೂ ನನ್ನ ತಪಾಸಣೆಯ ದಿನ ಹೊಂದಿಸಿಕೊಳ್ಳುತ್ತೇನೆ. ನಮ್ಮವಳು ನಿಮ್ಮ ಮನೆಯವರ ಜೊತೆ ಮಾತಾಡಬೇಕಂತೆ, ಫೋನ್ ನಂಬರ್ ಕೇಳುತ್ತಿದ್ದಾಳೆ. ಮಾತ್ರೆಯಿಂದ ಬಿಪಿ ಏರುತ್ತದೆಂದು ನನಗೆ ಉಪ್ಪು ಕಡಿಮೆಯಾಗಿ, ಈ ವರ್ಷದ ಅಪ್ಪೆಮಿಡಿಯ ಭರಣಿ ಕೈಗೆಟುಕದ ನಾಗಂದಿಗೆ ಸೇರಿದೆ. ನಿಮಗೊಂದು ಬಾಟಲಿ ಕಳಿಸಬೇಕೆಂದು ಆಕೆಯ ಆಸೆ. ನಿಮ್ಮ ಬಿಪಿ ಎಷ್ಟಿದೆ ಬರೆಯಿರಿ, ಅದನ್ನು ನೋಡಿ ಕಳಿಸುತ್ತಾಳಂತೆ.

ಇಂತಿ ನಿಮ್ಮವ